ಭಾನುವಾರ ಬರುವವರು

3 ಫೆಬ್ರವರಿ

ಅತ್ತೆ,

ಬಂದು ಮುಟ್ಟಿದೆ. ಬಸ್ಸಿನಲ್ಲಿ ಪಕ್ಕದವಳ ಮಗು ನನ್ನ ಸೀರೆಯ ಮೇಲೆ ವಾಂತಿ ಮಾಡಿದ್ದು ಬಿಟ್ಟರೆ ಪ್ರಯಾಣ ಸುಖವಾಗಿತ್ತು. ನೀವು ಕಟ್ಟಿಕೊಟ್ಟ ಬುತ್ತಿಯಲ್ಲಿ ಅರ್ಧವನ್ನು ಆ ಮಗುವಿಗೆ ನಾನೇ ತಿನ್ನಿಸಿದ್ದೆ, ಹಾಗಾಗಿ ಬೈಯುವ ಹಾಗೂ ಇರಲಿಲ್ಲ.

ಕೆಲಸ ಸಿಕ್ಕಿತು. ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಮನೆ. ಒಗೆಯುವುದು ಅಂದರೆ ಕಲ್ಲಿಗೆ ಬಡಿಯುವುದಲ್ಲ. ನಮ್ಮ ಹೋಟೆಲಿನ ನೀರಿನ ತೊಟ್ಟಿಯಷ್ಟು ದೊಡ್ಡ ಯಂತ್ರಗಳಿವೆ, ಅವೇ ಒಗೆದು ಹಿಂಡಿ ಉಗುಳುತ್ತವೆ. ಆಮೇಲೆ ಇಬ್ಬರು ಎದುರುಬದುರು ನಿಂತು ಚಾದರದ ಮೂಲೆಗಳನ್ನು ಹಿಡಿದು ಬಿಸಿ ರೋಲರಿನೊಳಕ್ಕೆ ಬಿಡಬೇಕು. ನನ್ನ ಜೊತೆಗಾತಿ ಬಾಗಿಲಷ್ಟು ಎತ್ತರ, ಎಲ್ಲರೂ ಅವಳನ್ನು ಉದ್ದಕ್ಕ ಅನ್ನುತ್ತಾರೆ. ನಾನು ಎಷ್ಟು ಕೈ ಎತ್ತಿದರೂ ನನ್ನ ಕಡೆಯ ಚಾದರ ನೆಲ ಗುಡಿಸುತ್ತದೆ. "ಇವಳಿಗೊಂದು ಮಣೆ ಕೊಡ್ರಪ್ಪಾ, ಇಲ್ಲಾಂದ್ರೆ ಬಗ್ಗೀ ಬಗ್ಗೀ ನನ್ನ ಸೊಂಟ ಬಿದ್ದೋಗುತ್ತೆ" ಎಂದು ಮೊದಲ ದಿನವೇ ಕೂಗಿದಳು. ಈಗ ಮಣೆಯ ಮೇಲೆ ನಿಂತು ಕೆಲಸ ಮಾಡುತ್ತೇನೆ. ಮಲಗುವುದಕ್ಕೆ ಅವಳ ರೂಮಿನಲ್ಲೇ ಒಂದು ಮೂಲೆ ಕೊಟ್ಟಿದ್ದಾಳೆ.

ಇಲ್ಲಿ ಇದೇ ಊರಿನವರು ಅಂತ ಯಾರೂ ಇಲ್ಲ ಅತ್ತೆ. ಊಟಕ್ಕೆ ಕೂತಾಗ ಒಬ್ಬೊಬ್ಬರನ್ನೂ ಯಾಕೆ ಬಂದಿರಿ ಅಂತ ಕೇಳಿದೆ. ಒಬ್ಬಳದು ಅಣೆಕಟ್ಟಿನ ನೀರು ಬಂದು ಊರು ಹೋಯಿತಂತೆ. ಇನ್ನೊಬ್ಬಳದು ನೀರು ಬಾರದೆ ಹೋಯಿತಂತೆ. ಉದ್ದಕ್ಕ ಮದುವೆಯಾಗಿ ಬಂದವಳು. ಗಂಡ ಬಿಟ್ಟು ಹೋದ, ಅವಳು ಇಲ್ಲೇ ಉಳಿದಳು. ನನ್ನ ಸರದಿ ಬಂದಾಗ "ನಮ್ಮೂರಿಗೆ ಬಸ್ಸು ಬರೋದು ನಿಂತೋಯ್ತು" ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ಬಸ್ಸುಗಳು ಊಟಕ್ಕೆ ನಿಲ್ಲುತ್ತಿದ್ದ ಊರು, ನಮ್ಮದು ನಾಲ್ಕು ಬೆಂಚಿನ ಹೋಟೆಲು, ಪಕ್ಕದಲ್ಲೇ ನಿಮ್ಮ ಮಗನ ಪಂಕ್ಚರ್ ಅಂಗಡಿ, ಇಡೀ ಬೀದಿ ಆ ಅರ್ಧ ಗಂಟೆಯ ಮೇಲೆ ಬದುಕಿತ್ತು, ಆಮೇಲೆ ಗುಡ್ಡದ ಆಚೆ ಬೈಪಾಸ್ ಬಂತು ಎಂದು ಬಿಡಿಸಿ ಹೇಳಿದ ಮೇಲೆ ನಗು ನಿಂತಿತು. ಅದೇ ರಸ್ತೆಗೆ ನನ್ನ ಗಂಡ ಡಾಂಬರು ಕಾಯಿಸಲು ಹೋಗಿದ್ದಾರೆ, ರಸ್ತೆ ಮುಂದೆ ಹೋದ ಹಾಗೆ ಅವರೂ ಮುಂದೆ ಮುಂದೆ ಹೋಗುತ್ತಿದ್ದಾರೆ ಎಂದಾಗ ಮತ್ತೆ ನಕ್ಕರು. ಈ ಸಲ ನಾನೂ ನಕ್ಕೆ.

ನಾವು ಮೂವರೂ ಆಡಿಕೊಂಡ ಮಾತು ಮರೆಯಬೇಡಿ. ಅವರದೋ ನನ್ನದೋ, ಯಾರ ಕಾಲು ಮೊದಲು ಊರುತ್ತದೋ ಅಲ್ಲಿಗೆ ನೀವೂ ಚೂಟಿಯೂ ಬಂದುಬಿಡಬೇಕು. ಶಾಲೆ ಶುರುವಾಗುವ ಹೊತ್ತಿಗೆ ಎಲ್ಲರೂ ಒಂದು ಸೂರಿನ ಕೆಳಗೆ. ಮಗಳಿಲ್ಲದೆ ಕೈ ಖಾಲಿ ಖಾಲಿ ಅನ್ನಿಸುತ್ತದೆ. ಕೂತರೂ ನಿಂತರೂ ಏನೋ ಮರೆತು ಬಂದ ಹಾಗೆ.

ನಿಮ್ಮ ಸೊಸೆ


20 ಫೆಬ್ರವರಿ

ಏ ಹುಡುಗಿ,

ನಿನ್ನ ಕಾಗದವನ್ನು ಅಂಚೆಯವನು ಕೈಗೆ ಕೊಟ್ಟು, ಒಂದು ಲೋಟ ಟೀ ಕುಡಿದು ಹೋದ. ಈಗ ನನಗೆ ಉಳಿದಿರುವ ಗಿರಾಕಿ ಅವನೊಬ್ಬನೇ, ಅದೂ ಪುಕ್ಕಟೆ ಗಿರಾಕಿ.

ಬೀದಿ ದಿನಕ್ಕಷ್ಟು ಖಾಲಿಯಾಗುತ್ತಿದೆ. ಕ್ಷೌರದವನು ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಹೋದ. ಸೋಡಾ ಅಂಗಡಿಯ ಅಣ್ಣ ತಮ್ಮ ಒಬ್ಬ ಆ ಕಡೆ, ಒಬ್ಬ ಈ ಕಡೆ. ಹಣ್ಣಿನವಳು ಮಾತ್ರ ದಿನಾ ಬೈಪಾಸಿನ ಪಕ್ಕ ಹೋಗಿ ಬುಟ್ಟಿ ಇಟ್ಟುಕೊಂಡು ಕೂರುತ್ತಾಳೆ. ಅಲ್ಲಿ ಬಸ್ಸುಗಳು ನಿಲ್ಲುವುದಿರಲಿ, ಇವಳ ಬುಟ್ಟಿಗೆ ಧೂಳು ಹೊಡೆದು ಹೋಗುತ್ತವೆ. ನನಗೂ ಅಭ್ಯಾಸ ಹೋಗಿಲ್ಲ ಕಣೇ. ದೂರದಲ್ಲಿ ಬಸ್ಸಿನ ಹಾರನ್ ಕೇಳಿದರೆ ಕೈ ತಾನೇ ಲೋಟ ಜೋಡಿಸುತ್ತದೆ.

ನಾನೇನು ಈ ಗೋಡೆ ತಬ್ಬಿಕೊಂಡು ಅಳುವವಳಲ್ಲ. ಪಾತ್ರೆಯೆಲ್ಲ ಮೂಟೆ ಕಟ್ಟಿ ಕೂತಿದ್ದೇನೆ. ಸೌಟು ಬೇಕಾದರೆ ಮೂಟೆ ಬಿಚ್ಚುತ್ತೇನೆ, ಆಮೇಲೆ ಮತ್ತೆ ಕಟ್ಟುತ್ತೇನೆ. "ಎಲ್ಲಿಗಜ್ಜೀ ಹೋಗೋದು?" ಎಂದು ಚೂಟಿ ಕೇಳುತ್ತಾಳೆ. "ನಿಮ್ಮಪ್ಪ ಕರೆದ್ರೆ ಆ ಕಡೆಗೆ, ನಿಮ್ಮಮ್ಮ ಕರೆದ್ರೆ ಈ ಕಡೆಗೆ" ಎನ್ನುತ್ತೇನೆ. ಅದಕ್ಕೆ ಅಷ್ಟು ಸಾಕು, ಕುಣಿಯುತ್ತದೆ.

ಆದರೆ ಅಪ್ಪ ಎನ್ನುವವನ ಸುದ್ದಿಯೇ ಇಲ್ಲ. ಎರಡು ತಿಂಗಳಾಯಿತು, ಒಂದು ಸಾಲು ಇಲ್ಲ. ಬದುಕಿದ್ದಾನೋ, ಆ ರಸ್ತೆ ರೋಲರಿನ ಕೆಳಗೆ ಸಿಕ್ಕನೋ! ಮೊನ್ನೆ ಇದೇ ಯೋಚನೆಯಲ್ಲಿ ತಲೆ ಸುತ್ತಿ ಒಲೆಯ ಮುಂದೆ ಕುಸಿದೆ. ನರ್ಸಮ್ಮ ಬಂದು ಬಿಪಿ ನೋಡಿ, "ಯೋಚನೆ ಮಾಡ್ಬಾರ್ದು ನೀವು" ಎಂದಳು. "ಯೋಚನೆ ನಿಲ್ಸೋ ಮಾತ್ರೆ ಇದ್ರೆ ಕೊಡಮ್ಮ" ಎಂದೆ. ನಿನಗೇನಾದರೂ ಬರೆದನೇ? ಇದ್ದದ್ದು ಇದ್ದ ಹಾಗೆ ತಿಳಿಸು, ಈ ಮುದುಕಿ ತಡೆದುಕೊಳ್ಳುತ್ತಾಳೆ.

ನಿನ್ನ ಅತ್ತೆ

ಅಮ್ಮಾ ನಾನು ಚೂಟಿ. ನನ್ನ ಹಲ್ಲು ಬಿತ್ತು. ಅಜ್ಜಿ ತಲೆ ಬಾಚುವಾಗ ಹೊಡೆಯುತ್ತಾಳೆ.


11 ಮಾರ್ಚ್

ಅತ್ತೆ,

ಮೊದಲು ಸಿಹಿ ಸುದ್ದಿ. ನಿಮ್ಮ ಮಗ ಗುಂಡುಕಲ್ಲಿನ ಹಾಗಿದ್ದಾರೆ. ನೀವು ಸುಮ್ಮನೆ ರೋಲರು ಗೀಲರು ಅಂತ ಏನೇನೋ ಕಲ್ಪಿಸಿಕೊಂಡು ಮೈ ಕೆಡಿಸಿಕೊಳ್ಳಬೇಡಿ.

ಹೋದ ಭಾನುವಾರ ಇಲ್ಲಿಗೇ ಬಂದಿದ್ದರು. ಅವರ ಕ್ಯಾಂಪು ಈಗ ಈ ಊರಿಗೆ ಹತ್ತಿರ ಬಂದಿದೆ, ಎರಡು ಬಸ್ಸು ಬದಲಿಸಿದರೆ ಆಯಿತು. ಕ್ಯಾಂಪಿನಲ್ಲಿ ಅಂಚೆ ಇಲ್ಲ, ಅಂಗಡಿ ಇಲ್ಲ, ಹಾಗಾಗಿ ಬರೆಯುವುದಕ್ಕಾಗಿಲ್ಲವಂತೆ. "ಅಮ್ಮಂಗೆ ನೀನೇ ಬರೆದ್ಬಿಡು, ನನ್ನ ಅಕ್ಷರ ಅವಳಿಗೆ ಹೇಗೂ ಓದೋಕಾಗಲ್ಲ" ಎಂದರು. ಅವರ ಉದಾಸೀನ ನಿಮಗೆ ಗೊತ್ತಿದ್ದದ್ದೇ. ಇನ್ನು ಮೇಲೆ ಬಿಡುವಾದ ಭಾನುವಾರ ಬರುತ್ತಾರಂತೆ.

ಮಾತ್ರೆ ತಪ್ಪಿಸಬೇಡಿ. ಒಲೆಯ ಮುಂದೆ ಕುಸಿದೆ ಎಂದು ಓದಿ ನನ್ನ ಜೀವ ಬಾಯಿಗೆ ಬಂತು. ಚೂಟಿಯ ಬಿದ್ದ ಹಲ್ಲನ್ನು ಎತ್ತಿಡಿ, ಬಂದಾಗ ನೋಡುತ್ತೇನೆ.

ನಿಮ್ಮ ಸೊಸೆ


19 ಮಾರ್ಚ್

ಮಗಳೇ,

ಇದನ್ನು ಬರೆದು ಹಿಟ್ಟಿನ ಡಬ್ಬಿಯೊಳಗೆ ಇಡುತ್ತೇನೆ, ಅಂಚೆಗೆ ಹಾಕುವುದಿಲ್ಲ. ಬರೆಯದಿದ್ದರೆ ಹೊಟ್ಟೆ ಒಡೆದು ಹೋಗುತ್ತದೆ, ಅದಕ್ಕೆ.

ನಿನ್ನ ಗಂಡ ಇಲ್ಲಿದ್ದಾನೆ. ನಾನು ಹಿಂದಿನ ಕಾಗದ ಹಾಕಿ ಒಂದು ವಾರಕ್ಕೆ, ಹಾಸಿಗೆ ಸುತ್ತಿಕೊಂಡು ಬಾಗಿಲಲ್ಲಿ ನಿಂತ. ಎಡಗೈಗೆ ಬಟ್ಟೆ ಸುತ್ತಿತ್ತು. ಕಾದ ಡಾಂಬರು ಚೆಲ್ಲಿ ಬೆರಳುಗಳೆಲ್ಲ ಸುಟ್ಟು ಒಂದಕ್ಕೊಂದು ಅಂಟಿಕೊಂಡ ಹಾಗಾಗಿವೆ. ಕೈ ವಾಸಿಯಾಗುವುದರೊಳಗೆ ಆ ಮೇಸ್ತ್ರಿ ಎಲ್ಲಿಂದಲೋ ಲಾರಿ ತುಂಬ ಜನ ತಂದನಂತೆ, ಪಾಪ, ಅವರದೂ ಏನೋ ಮುಳುಗಿಯೋ ಒಣಗಿಯೋ ಬಂದಿರಬೇಕು, ಅರ್ಧ ಕೂಲಿಗೆ ಒಪ್ಪಿದರಂತೆ. ನಮ್ಮ ಕಡೆಯವರನ್ನೆಲ್ಲ ಬಿಡಿಸಿ ಕಳಿಸಿದರಂತೆ.

"ಸೊಸೆಗೆ ಬರೀತೀನಿ" ಎಂದೆ. ಮೈಮೇಲೆ ಬಂದವನ ಹಾಗೆ ಎದ್ದ. "ಅವಳು ಅಲ್ಲಿ ನಿಂತು ದುಡೀತಿದಾಳೆ. ನಾನು ಈ ಕೈ ಹೊತ್ಕೊಂಡು ಹೋಗಿ ಅವಳ ಅನ್ನ ತಿನ್ಲಾ? ಒಂದು ಕೆಲಸ ಅಂತ ಹಿಡಿಯೋ ತನಕ ನೀನು ಬಾಯಿ ಬಿಡ್ಬಾರ್ದು" ಎಂದು ಚೂಟಿಯ ತಲೆಯ ಮೇಲೆ ನನ್ನ ಕೈ ಇಡಿಸಿ ಆಣೆ ಮಾಡಿಸಿಕೊಂಡ. ಮಗುವಿನ ತಲೆ ಮುಟ್ಟಿದ ಮೇಲೆ ನಾನೇನು ಮಾಡಲಿ?

ಇವತ್ತು ನಿನ್ನ ಕಾಗದ ಬಂತು. ಅವನು ಬೆಂಚಿನ ಮೇಲೆ ಕೂತು ತಿನ್ನುತ್ತಿದ್ದ, ನಾನು ಎಂದಿನ ಹಾಗೆ ಗಟ್ಟಿಯಾಗಿ ಓದಿದೆ. "ಹೋದ ಭಾನುವಾರ ಇಲ್ಲಿಗೇ ಬಂದಿದ್ದರು" ಎಂದಾಗ ಅವನ ಕೈ ತಟ್ಟೆಯಲ್ಲೇ ನಿಂತಿತು.

"ಯಾರು?"

"ನೀನೇ ಕಣೋ."

"ನಾನಿಲ್ಲಿದೀನಲ್ಲಮ್ಮ."

ನನಗೆ ನಗು ಬಂತು, ಅವನಿಗೆ ಬರಲಿಲ್ಲ. ನನ್ನ ಬಿಪಿಗೆ ಹೆದರಿ ಹುಡುಗಿ ಕತೆ ಕಟ್ಟಿದ್ದಾಳೆ ಎಂದು ನಾನು ಓದುತ್ತಿದ್ದ ಹಾಗೇ ತಿಳಿದೆ. ಅವನಿಗೆ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. "ಯಾರೋ ಬರ್ತಿದಾನೆ. ನಾಳೆ ಯಾರಾದ್ರೂ ಕಂಡು ಹೇಳಿದ್ರೆ ಅಂತ ನನ್ನ ಹೆಸರು ಮುಂದಿಟ್ಟಿದಾಳೆ" ಎನ್ನುತ್ತಾನೆ. ಊಟ ಬಿಟ್ಟು ಎದ್ದು, ಖಾಲಿ ಬೀದಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಾನೆ. ಕೆಲಸವಿಲ್ಲದವನ ತಲೆ, ಏನು ಬೇಕಾದರೂ ಹೊಕ್ಕು ಕೂರುತ್ತದೆ.

ಇವನ ಬಾಯಿ ಮುಚ್ಚಿಸುವುದು ನನಗೆ ಗೊತ್ತು. ಹೋಟೆಲಿನಲ್ಲಿ ಹೆಚ್ಚು ತಿಂದು ಕಡಿಮೆ ಲೆಕ್ಕ ಹೇಳಿ ಜಾರಿಕೊಳ್ಳುವವರನ್ನು ನಾನು ಹೇಗೆ ಹಿಡಿಯುತ್ತಿದ್ದೆ? "ಏನೇನು ತಿಂದೆ, ಹೇಳು" ಎಂದು ಕೇಳಿದರೆ ಆಯಿತು. ಸುಳ್ಳ "ಏನೋ, ಟೀ, ಅದೂ ಇದೂ" ಎಂದು ತೊದಲುತ್ತಾನೆ. ನಿಜ ಹೇಳುವವನು ಉಪ್ಪು ಕಡಿಮೆ ಇತ್ತು ಎನ್ನುವುದನ್ನೂ ಸೇರಿಸುತ್ತಾನೆ. ನಿನ್ನನ್ನೂ ಹಾಗೇ ಕೇಳುತ್ತೇನೆ. ನೀನು ತೊದಲುತ್ತೀಯ. ಆಗ ಇವನಿಗೆ ತೋರಿಸುತ್ತೇನೆ, ನೋಡೋ, ಬಂದವರು ಯಾರೂ ಇಲ್ಲ, ಎಲ್ಲ ಬರೀ ಬಾಯಿಮಾತು ಅಂತ.


20 ಮಾರ್ಚ್

ಏ ಹುಡುಗಿ,

ಮಗ ಬಂದಿದ್ದ ಎಂದು ಓದಿ ಹೋದ ಜೀವ ಬಂದ ಹಾಗಾಯಿತು. ಆದರೆ ನಿನ್ನ ಜಿಪುಣ ಕಾಗದ ನನಗೆ ಸಾಲದು. ಮುಂದಿನ ಸಲ ಅವನು ಬಂದಾಗ ಎಲ್ಲಿ ಕೂತ, ಏನೇನು ತಿಂದ, ಯಾವ ಅಂಗಿ ಹಾಕಿದ್ದ, ಏನು ಮಾತಾಡಿದ, ಎಲ್ಲವನ್ನೂ ಬರೆ. ಹೆತ್ತವಳಿಗೆ ಅದೇ ಊಟ.

ಚೂಟಿ ಮಲಗಿಬಿಟ್ಟಿದ್ದಾಳೆ, ಅದಕ್ಕೆ ಈ ಸಲ ಅವಳ ಸಾಲು ಇಲ್ಲ.

ನಿನ್ನ ಅತ್ತೆ


2 ಏಪ್ರಿಲ್

ಅತ್ತೆ,

ಹೊಟ್ಟೆ ತುಂಬ ಉಣ್ಣಿ ಹಾಗಾದರೆ.

ಮೊನ್ನೆ ಭಾನುವಾರ ಬಂದರು. ಹಸಿರು ಗೆರೆಯ ಹಳೇ ಅಂಗಿ, ಕಾಲರು ಹರಿದಿತ್ತು. ಅಂಗಿ ಬಿಚ್ಚಿಸಿ ಕಾಲರು ತಿರುಗಿಸಿ ಹೊಲಿದೆ, ಅಷ್ಟು ಹೊತ್ತು ಟವೆಲು ಹೊದ್ದು ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಬಂದ ಕೂಡಲೇ ಕಾಲು ತೊಳೆದರು! ನಮ್ಮ ಮನೆಯಲ್ಲಿ ಬೈದರೂ ತೊಳೆದವರಲ್ಲ. ಬನ್ನನ್ನು ಟೀಯಲ್ಲಿ ಅದ್ದಿ ತಿಂದರು. ಆಮೇಲೆ ಅನ್ನ, ಎರಡು ಮೊಟ್ಟೆ. ಒಂದನ್ನು ನನ್ನ ತಟ್ಟೆಗೆ ಹಾಕಿದರು, ನಾನು ವಾಪಸು ಹಾಕಿದೆ, ಅವರು ಮತ್ತೆ ಹಾಕಿದರು, ಕೊನೆಗೆ ಅರ್ಧ ಅರ್ಧ ಮಾಡಿದೆವು. ಉಪ್ಪು ಕಡಿಮೆ ಎಂದರು. ಬಟ್ಟೆ ಒಣಗಲು ಜಾಗವಿಲ್ಲ ಎಂದು ನಾನು ಗೊಣಗಿದ್ದಕ್ಕೆ ಕಿಟಕಿಯಿಂದ ಕಂಬಕ್ಕೆ ಎರಡೂ ಕೈಯಲ್ಲಿ ತಂತಿಯನ್ನು ಜಗ್ಗಿ ಎಳೆದು ಕಟ್ಟಿದರು. ಉದ್ದಕ್ಕ ನೋಡಿ, "ಇಂಥ ಗಂಡ ಎಲ್ಲಿ ಸಿಗ್ತಾನೆ ಹೇಳೇ, ನಾನೂ ಒಂದು ಕಾಗದ ಹಾಕ್ತೀನಿ" ಎಂದಳು.

ಚೂಟಿಯ ವಿಷಯವೇ ಮಾತು. ಅವಳ ಬಿದ್ದ ಹಲ್ಲು ಮೇಲಿನದೋ ಕೆಳಗಿನದೋ ಎಂದು ಕೇಳಿದರು, ನನಗೆ ಗೊತ್ತಿರಲಿಲ್ಲ. ಹೆತ್ತವರು ಇಬ್ಬರಿಗೂ ಗೊತ್ತಿಲ್ಲ ನೋಡಿ. ಹೋಗುವಾಗ ಬೀದಿಯ ತಿರುವಿನಲ್ಲಿ ನಿಂತು ತಿರುಗಿ ನೋಡಿದರು ಅತ್ತೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ತಿರುಗಿ ನೋಡಿದ್ದನ್ನು ನಾನು ಕಂಡಿರಲಿಲ್ಲ.

ಇನ್ನೊಂದು ವಿಷಯ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದೇ ಕೋಣೆಯ ಮನೆ ಖಾಲಿಯಾಗುತ್ತಿದೆ. ಮೇಲೆ ತಗಡು, ಪಕ್ಕದಲ್ಲಿ ನಲ್ಲಿ, ಶಾಲೆ ಕೂಗಳತೆಯಲ್ಲಿ. ನನ್ನ ಕಾಲೇ ಮೊದಲು ಊರಿತು ಅಂತ ಕಾಣುತ್ತದೆ. ಮೇ ತಿಂಗಳಲ್ಲಿ ಬಂದುಬಿಡಿ. ಮತ್ತೆ ಚೂಟಿಯ ಸಾಲು ಇಲ್ಲದ ಕಾಗದ ಕಳಿಸಬೇಡಿ, ಅವಳು ಮಲಗಿದ್ದರೆ ಎಬ್ಬಿಸಿ ಬರೆಸಿ.

ನಿಮ್ಮ ಸೊಸೆ


14 ಏಪ್ರಿಲ್

ಸೊಸೆಗೆ,

ನಿನ್ನ ಕಾಗದ ಮುಟ್ಟಿತು. ಚೆನ್ನಾಗಿ ಬರೆದಿದ್ದೀಯ.

ನಾವು ಬರುವುದಿಲ್ಲ. ಭಾನುವಾರ ಬಂದು ಕಾಲು ತೊಳೆದು, ಎರಡೂ ಕೈಯಲ್ಲಿ ತಂತಿ ಕಟ್ಟಿ ಹೋಗುವವರು ಇರುವ ಜಾಗಕ್ಕೆ ನಾನು ಮೊಮ್ಮಗಳನ್ನು ಕಳಿಸುವುದಿಲ್ಲ. ಯಾಕೆ ಎಂದು ನೀನು ಕೇಳಬೇಡ, ನಿನಗೇ ಗೊತ್ತಿರುತ್ತದೆ. ಇಲ್ಲಿ ಅವಳಿಗೆ ಕಡಿಮೆ ಏನೂ ಇಲ್ಲ.

ಅತ್ತೆ


24 ಏಪ್ರಿಲ್

ಅತ್ತೆ,

ನಿಮ್ಮ ಕಾಗದವನ್ನು ಉದ್ದಕ್ಕನ ಕೈಯಲ್ಲೂ ಓದಿಸಿದೆ, ನಾನೇ ಏನಾದರೂ ತಪ್ಪು ತಿಳಿದೆನೋ ಎಂದು. ಅವಳು ಓದಿ, "ಇದು ನಿನ್ನ ನಡತೆ ಮೇಲೆ ಮಾತು ಕಣೇ" ಎಂದಳು. ಮೈಯೆಲ್ಲ ಉರಿದು ಹೋಯಿತು. ಚಾದರದ ಬದಲು ಕೈಯನ್ನೇ ರೋಲರಿಗೆ ಕೊಡುತ್ತಿದ್ದೆ, ಅವಳು ಎಳೆದುಕೊಂಡಳು.

ಹಾಗಾದರೆ ಇದ್ದದ್ದು ಇದ್ದ ಹಾಗೆ ಕೇಳಿ. ಯಾರೂ ಬರಲಿಲ್ಲ. ನಿಮ್ಮ ಮಗನೂ ಬರಲಿಲ್ಲ, ಇನ್ಯಾವ ಮಹಾರಾಯನೂ ಬರಲಿಲ್ಲ. ಕಾಲರು ಹೊಲಿದದ್ದು, ಮೊಟ್ಟೆ ಹಂಚಿಕೊಂಡದ್ದು, ತಂತಿ ಕಟ್ಟಿದ್ದು, ಎಲ್ಲ ಸುಳ್ಳು. ಇಲ್ಲಿ ತಂತಿಯೂ ಇಲ್ಲ, ನನ್ನ ಸೀರೆ ಇವತ್ತಿಗೂ ಕಿಟಕಿಯ ಸರಳಿನ ಮೇಲೆ ಒಣಗುತ್ತದೆ. ನೀವು ಒಲೆಯ ಮುಂದೆ ಕುಸಿದಿರಿ ಎಂದು ಓದಿ ಹೆದರಿ ಮೊದಲ ಸುಳ್ಳು ಬರೆದೆ. ಆಮೇಲೆ ಎಲ್ಲಿ ಕೂತ, ಏನು ತಿಂದ ಎಂದು ಕೇಳಿದಿರಿ. ಆ ಪ್ರಶ್ನೆ ನನಗೆ ಗೊತ್ತಿಲ್ಲವೇ? ನಿಮ್ಮ ಪಕ್ಕದಲ್ಲಿ ಏಳು ವರ್ಷ ತಟ್ಟೆ ತೊಳೆದಿದ್ದೇನೆ. ತೊದಲಿದರೆ ಸಿಕ್ಕಿಬಿದ್ದೆ, ನಿಮಗೆ ಸಂಶಯ ಬರುತ್ತದೆ, ಮತ್ತೆ ತಲೆ ಸುತ್ತುತ್ತದೆ ಎಂದು ಕೂತು ಕೂತು ಒಂದೊಂದೇ ಜೋಡಿಸಿದೆ. ಉಪ್ಪು ಕಡಿಮೆ ಎನ್ನುವುದನ್ನೂ ಬಿಡಲಿಲ್ಲ. ಬರೆಯುತ್ತಾ ಬರೆಯುತ್ತಾ ನನಗೇ ಅವರು ಬಂದು ಹೋದ ಹಾಗಾಯಿತು. ಒಂದು ಕ್ಷಣ ಸುಖ ಪಟ್ಟೆ, ಅದನ್ನೂ ಹೇಳಿಬಿಡುತ್ತೇನೆ.

ನಿಜ ಏನೆಂದರೆ, ಭಾನುವಾರಗಳಲ್ಲಿ ನಾನೇ ಅವರನ್ನು ಹುಡುಕಿಕೊಂಡು ಹೋಗುತ್ತಿದ್ದೇನೆ. ಮೊದಲ ಕ್ಯಾಂಪು ಎದ್ದುಹೋಗಿತ್ತು, ಒಲೆಯ ಕಲ್ಲುಗಳು ಮಾತ್ರ ಇದ್ದವು. ಎರಡನೆಯದರಲ್ಲಿ ಅಡುಗೆಯವನು ಸಿಕ್ಕಿದ. "ಆ ಕಡೆಯೋರನ್ನೆಲ್ಲ ಯಾವತ್ತೋ ಬಿಡ್ಸಿದ್ರಲ್ಲಮ್ಮ. ನಿಮ್ಮೋರು ಹಾಸಿಗೆ ಸುತ್ಕೊಂಡು ಹೋಗಿದ್ದು ನಾನೇ ನೋಡ್ದೆ" ಎಂದ. ಎಲ್ಲಿಗೆ ಎಂದರೆ ಅವನಿಗೆ ಗೊತ್ತಿಲ್ಲ. ಮನೆಗೆ ಬಂದಿಲ್ಲ, ನನ್ನ ಹತ್ತಿರ ಬಂದಿಲ್ಲ, ಹಾಗಾದರೆ ಎಲ್ಲಿಗೆ ಹೋದರು? ಎಲ್ಲಾದರೂ ಬಿದ್ದಿದ್ದಾರೋ, ಇನ್ನೊಂದು ಮನೆ ಮಾಡಿದ್ದಾರೋ? ನಿಮಗೆ ಗೊತ್ತಿದ್ದು ಮುಚ್ಚಿಡುತ್ತಿದ್ದೀರಾ? ಅದಕ್ಕೇ ನನ್ನ ಮೇಲೆ ತಿರುಗಿಸಿದಿರಾ? ಇನ್ನೂ ಮುಂದೆ ಒಂದು ಕ್ಯಾಂಪು ಇದೆಯಂತೆ. ಈ ಭಾನುವಾರ ಅಲ್ಲಿಗೂ ಹೋಗುತ್ತೇನೆ. ಅಲ್ಲೂ ಇಲ್ಲದಿದ್ದರೆ ಬಿಟ್ಟೆ, ಇನ್ನು ಹುಡುಕುವುದಿಲ್ಲ.

ನನ್ನ ಮಗಳು ಮಾತ್ರ ನನಗೆ ಬೇಕು. ಅವಳನ್ನು ನೀವು ಕೊಡದಿದ್ದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಇಷ್ಟು ಗಟ್ಟಿಯಾಗಿ ನಿಮ್ಮ ಜೊತೆ ನಾನು ಎಂದೂ ಮಾತಾಡಿಲ್ಲ.

ನಿಮ್ಮ ಸೊಸೆ


25 ಏಪ್ರಿಲ್

ಮಗಳೇ,

ಆಣೆ ಮುರಿಯುತ್ತಿದ್ದೇನೆ. ಏನಾದರೂ ಕೆಡುಕಿದ್ದರೆ ನನಗಾಗಲಿ, ಚೂಟಿಯ ಕೂದಲೂ ಕೊಂಕದಿರಲಿ.

ನಿನ್ನ ಗಂಡ ಫೆಬ್ರವರಿ ಕೊನೆಯಿಂದ ಇಲ್ಲೇ ಇದ್ದ. ಎಡಗೈ ಡಾಂಬರಿನಲ್ಲಿ ಸುಟ್ಟಿದೆ. ಕೆಲಸ ಹೋಯಿತು. ನಿನಗೆ ಹೇಳಬಾರದೆಂದು ಮಗುವಿನ ತಲೆ ಮುಟ್ಟಿಸಿದ. ಚೂಟಿ ಬರೆದರೆ ಅಪ್ಪ ಬಂದದ್ದನ್ನೇ ಬರೆಯುತ್ತಾಳೆಂದು ಅವಳ ಕೈಗೆ ಪೆನ್ನು ಕೊಡಲಿಲ್ಲ. ಅವಳು ಅತ್ತಳು.

ನೀನು ತೊದಲುತ್ತೀಯ ಎಂದು ನಂಬಿ ನಾನು ಆ ಪ್ರಶ್ನೆ ಕೇಳಿದೆ. ನೀನು ಎರಡು ಪುಟ ಬರೆದೆ. ಅವನು ಓದಿ, ತನ್ನ ಸುಟ್ಟ ಕೈ ನೋಡಿಕೊಂಡು, "ಎರಡೂ ಕೈಯಲ್ಲಂತೆ" ಎಂದ. ಮುಖ ಸುಣ್ಣವಾಗಿತ್ತು. ನನಗೂ ಒಂದು ಗಳಿಗೆ ಬುದ್ಧಿ ಮಂಕಾಯಿತು ಕಣೇ. ಇಷ್ಟು ಚೆನ್ನಾಗಿ ಯಾರು ಸುಳ್ಳು ಹೇಳುತ್ತಾರೆ ಎನ್ನಿಸಿತು. ಆ ಕೆಟ್ಟ ಕಾಗದ ಅವನು ಹೇಳಿದ್ದು, ನಾನು ಬರೆದದ್ದು. ಹಾಕಿದ ಮೇಲೆ ನಿನ್ನ ಮುಖ ಕಣ್ಣ ಮುಂದೆ ಬಂತು. ಏಳು ವರ್ಷ ನನ್ನ ಪಕ್ಕ ನಿಂತವಳು, ನಿನಗೆ ಆ ಪ್ರಶ್ನೆಯ ಗುಟ್ಟು ಗೊತ್ತಿರುವುದಿಲ್ಲವೇ? ಎಂಥ ಪೆದ್ದಿ ನಾನು!

ಆದರೆ ಇವತ್ತು ಬೆಳಗ್ಗೆ ಅವನು ಹೊರಟುಬಿಟ್ಟ. ಆಸ್ಪತ್ರೆಯ ಗೇಟಿನ ಎದುರು ಕಾಯುತ್ತಾನಂತೆ. ಭಾನುವಾರ ನಿನ್ನ ಹಿಂದೆ ಬಂದು, ಆ ಮನುಷ್ಯನನ್ನು ಹಿಡಿಯುತ್ತಾನಂತೆ. ಹೋಗಬೇಡ ಎಂದು ಅಂಗಿ ಹಿಡಿದೆ, ಕೊಡವಿಕೊಂಡು ಬೈಪಾಸಿಗೆ ಹತ್ತಿದ. ಅಲ್ಲಿ ಬಸ್ಸು ನಿಲ್ಲುವುದಿಲ್ಲವೆಂದು ಲಾರಿಗೆ ಅಡ್ಡ ನಿಂತು ಹತ್ತಿಕೊಂಡ. ಈ ಕಾಗದ ಭಾನುವಾರದೊಳಗೆ ನಿನಗೆ ಮುಟ್ಟುವುದಿಲ್ಲ ಎಂದು ಗೊತ್ತು. ಆದರೂ ಬರೆಯುತ್ತಿದ್ದೇನೆ, ಕೈಕಾಲು ಸುಮ್ಮನಿರುತ್ತಿಲ್ಲ. ಅವನು ಏನಾದರೂ ಅಂದರೆ ನೀನು ಎರಡು ಬಾರಿಸು, ನಾನು ಏನೂ ಅನ್ನುವುದಿಲ್ಲ.

ನಿನ್ನ ಅತ್ತೆ

ಅಮ್ಮಾ ಅಪ್ಪ ಬಂದಿದ್ದ. ಅಪ್ಪನ ಕೈಗೆ ನಾನೇ ಮುಲಾಮು ಹಚ್ಚುತ್ತಿದ್ದೆ. ಹಲ್ಲು ಮೇಲಿನದು.


5 ಮೇ

ಅತ್ತೆ,

ನಿಮ್ಮ ಕಾಗದ ಬರುವ ಹೊತ್ತಿಗೆ ಎಲ್ಲ ಆಗಿಹೋಗಿತ್ತು.

ಆ ಭಾನುವಾರ ಹೇಳಿದ ಹಾಗೆ ಕ್ಯಾಂಪಿಗೆ ಹೋದೆ. ಎರಡು ಬಸ್ಸು ಬದಲಿಸಿ, ಆಮೇಲೆ ಹೊಸ ರಸ್ತೆಯ ಮೇಲೆ ನಡಿಗೆ. ನೆರಳಿಗೆ ಒಂದು ಗಿಡ ಇಲ್ಲ, ಡಾಂಬರಿನ ವಾಸನೆಗೆ ತಲೆ ಹಿಡಿದುಕೊಂಡಿತು. ನೀಲಿ ಪ್ಲಾಸ್ಟಿಕ್ ಹೊದಿಸಿದ ಗುಡಿಸಲುಗಳು. ಅಲ್ಲಿರುವವರ ಮಾತು ನನಗೆ ಬಾರದು, ನನ್ನದು ಅವರಿಗೆ ಬಾರದು. ನಿಮ್ಮ ಮಗನ ಫೋಟೋವನ್ನು ಚೀಲದಿಂದ ತೆಗೆದು ಒಬ್ಬೊಬ್ಬರಿಗೂ ತೋರಿಸಿದೆ, ಎಲ್ಲರೂ ತಲೆ ಅಲ್ಲಾಡಿಸಿದರು. ಕೊನೆಗೆ ಕಂಕುಳಲ್ಲಿ ಮಗು ಇಟ್ಟುಕೊಂಡ ಒಬ್ಬ ಹುಡುಗಿ ಫೋಟೋವನ್ನು ಹತ್ತಿರ ಹಿಡಿದು ನೋಡಿದಳು, ಆಮೇಲೆ ನಕ್ಕು, ನನ್ನ ಹೆಗಲ ಮೇಲಿಂದ ಬೆರಳು ತೋರಿಸಿದಳು. ತಮಾಷೆ ಮಾಡುತ್ತಾಳೆ ಎಂದುಕೊಂಡೆ. ತಿರುಗಿದೆ. ಡಾಂಬರು ಪೀಪಾಯಿಗಳ ಪಕ್ಕದಲ್ಲಿ ನಿಮ್ಮ ಮಗ ನಿಂತಿದ್ದರು.

ನೀವು ನಂಬಿ, ಮೊದಲು ನನಗೆ ಸಂತೋಷವೇ ಆಯಿತು. ಬದುಕಿದ್ದಾರಲ್ಲ, ಅಷ್ಟು ಸಾಕು ಎನ್ನಿಸಿತು. ಅವರು ಹತ್ತಿರ ಬಂದು, "ಯಾರನ್ನ ಹುಡುಕ್ತಿದೀಯ?" ಎಂದರು. ಕೇಳಲು ನಾಚಿಕೆ ಬೇಡವೇ!

"ನನ್ನ ಗಂಡನ್ನ" ಎಂದೆ. ಫೋಟೋವನ್ನು ಅವರ ಮುಖದ ಮುಂದೆ ಹಿಡಿದೆ. "ಇವರು. ನೀವೇನಾದ್ರೂ ನೋಡಿದ್ರಾ?"

ಬೆಳಗ್ಗೆ ಆಸ್ಪತ್ರೆಯ ಗೇಟಿನಿಂದ ನನ್ನ ಹಿಂದೆಯೇ ಬಂದಿದ್ದರಂತೆ. ಎರಡೂ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಟವೆಲು ಮುಚ್ಚಿಕೊಂಡು ಕೂತಿದ್ದರಂತೆ. ನಾನು ಇಳಿದು, ನಡೆದು, ಒಬ್ಬೊಬ್ಬರ ಮುಂದೆ ಫೋಟೋ ಹಿಡಿದದ್ದನ್ನೆಲ್ಲ ನೋಡಿದ್ದಾರೆ. ಆಗ ಅವರ ಎಡಗೈ ಕಂಡಿತು. ಸಿಟ್ಟು ಇಳಿಯಲಿಲ್ಲ, ಆದರೆ ಆ ಕೈಯಿಂದ ಕಣ್ಣು ತೆಗೆಯುವುದಕ್ಕೂ ಆಗಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಎಲ್ಲ ಹೇಳಿದರು, ನೀವು ಬರೆದದ್ದನ್ನೇ. ಆಮೇಲೆ ಮೆಲ್ಲಗೆ, "ಹಾಗಾದ್ರೆ ಭಾನುವಾರ ಬರ್ತಿದ್ದೋನು?" ಎಂದರು.

"ನೀವೇ" ಎಂದೆ. "ನಾನು ಮಾಡ್ಕೊಂಡಿದ್ದ ನೀವು. ನಿಮಗಿಂತ ಎಷ್ಟೋ ವಾಸಿ. ಕೆಲಸ ಹೋದ್ರೆ ಅಮ್ಮನ ಸೆರಗಲ್ಲಿ ಬಚ್ಚಿಟ್ಕೊಳ್ತಿರ್ಲಿಲ್ಲ, ನನ್ನ ಹತ್ರ ಬರ್ತಿದ್ರು. ಒಂದು ದಿನ ನನ್ನ ಮೇಲೆ ಅನುಮಾನ ಪಡ್ಲಿಲ್ಲ." ನನ್ನ ದನಿ ಏರಿತ್ತು, ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ ನೋಡುತ್ತಿದ್ದ. ನಿಮ್ಮ ಮಗ ಮುಂದಿನ ಸೀಟಿನ ಕಂಬಿಗೆ ಹಣೆ ಇಟ್ಟು ಅತ್ತರು. ನಾನು ಸಮಾಧಾನ ಮಾಡಲಿಲ್ಲ. ಊರು ಬರುವ ತನಕ ಕಿಟಕಿಯಾಚೆ ನೋಡುತ್ತಾ ನಾನೂ ಅತ್ತೆ, ಅಷ್ಟೇ.

ನಿಮ್ಮ ಕಾಗದ ಬುಧವಾರ ಬಂತು. ನಿಮ್ಮ ಮೇಲಿನ ಸಿಟ್ಟು ಓದುತ್ತಿದ್ದ ಹಾಗೆ ಹೋಯಿತು, ಚೂಟಿಯ ಸಾಲು ನೋಡಿ ಪೂರ್ತಿ ಹೋಯಿತು. ಅವರ ಮೇಲಿನದು ಹೋಗಿಲ್ಲ.

ಅವರು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಟೈರ್ ಅಂಗಡಿಗೆ ಸೇರಿದ್ದಾರೆ. ಒಂದೂವರೆ ಕೈಯಲ್ಲಿ ಏನಾಗುತ್ತದೋ ಅಷ್ಟು ಮಾಡುತ್ತಾರೆ, ಅಲ್ಲೇ ಮಲಗುತ್ತಾರೆ. ನಿನ್ನೆ ಆ ಒಂದು ಕೋಣೆಯ ಮನೆಗೆ ನನ್ನ ಟ್ರಂಕು ಸಾಗಿಸಬೇಕಿತ್ತು. ನಾನು ಕರೆಯಲಿಲ್ಲ, ಉದ್ದಕ್ಕ ಹೋಗಿ ಹೇಳಿದಳಂತೆ, ಬಂದರು. ಟ್ರಂಕನ್ನು ಹೆಗಲ ಮೇಲಿಟ್ಟು ನನ್ನ ಪಕ್ಕದಲ್ಲಿ ನಿಂತಿದ್ದಾಗ ಮನೆಯೊಡತಿ, "ಎಷ್ಟು ಜನ ಇರ್ತೀರಿ?" ಎಂದು ಕೇಳಿದಳು.

"ಮೂರು" ಎಂದೆ. "ನಾನು, ನಮ್ಮತ್ತೆ, ನನ್ನ ಮಗಳು."

"ಇವರು?"

"ಇವರು ಬಂದು ಹೋಗೋರು."

ಅವರು ಟ್ರಂಕನ್ನು ಒಳಗೆ ಗೋಡೆಗೆ ಆನಿಸಿಟ್ಟು, ಹೊರಗೆ ಹೋಗಿ ನಿಂತರು. ಬಿಸಿಲಿತ್ತು. ನಾನು ಒಳಗೆ ನೆಲ ಗುಡಿಸುತ್ತಾ ಬೇಕೆಂದೇ ತಡ ಮಾಡಿದೆ. ಹೊರಗೆ ಬಂದು ನೋಡಿದರೆ ಇನ್ನೂ ಅಲ್ಲೇ ನಿಂತಿದ್ದಾರೆ, ಬೆವರು ಒರೆಸಿಕೊಂಡೂ ಇಲ್ಲ. "ಹೋಗಿ ಇನ್ನು" ಎಂದೆ. ಹೋದರು. ಆ ಮೇಲೆ ನೆಲ ಮತ್ತೊಂದು ಸಲ ಗುಡಿಸಿದೆ.

ನಿಮ್ಮ ಪಾತ್ರೆ ಮೂಟೆಗಳನ್ನು ಇನ್ನು ಬಿಚ್ಚಬೇಡಿ, ಹೊರಡಿ. ಇಲ್ಲಿ ನಮ್ಮ ಹೋಟೆಲು ಇಲ್ಲದಿದ್ದರೂ ಆಸ್ಪತ್ರೆಯ ಎದುರು ಟೀ ಕುಡಿಯುವ ಜನಕ್ಕೆ ಕಡಿಮೆ ಇಲ್ಲ. ಬೈಪಾಸಿನಲ್ಲಿ ಬಸ್ಸು ನಿಲ್ಲದಿದ್ದರೆ ಚೂಟಿಯನ್ನು ಮುಂದೆ ನಿಲ್ಲಿಸಿ, ಅವಳನ್ನು ನೋಡಿ ಯಾರಾದರೂ ನಿಲ್ಲಿಸುತ್ತಾರೆ. ನಿಮ್ಮ ಮಗನನ್ನು ಒಳಗೆ ಕರೆಯುವುದೋ ಬೇಡವೋ, ನೀವು ಬಂದು ಕೂತು ನನ್ನ ಎದುರಿಗೇ ಹೇಳಿ. ಬೇಗ ಬನ್ನಿ ಅತ್ತೆ. ನೀವು ತಡ ಮಾಡಿದರೆ ನಾನೇ ಕರೆದುಬಿಡುತ್ತೇನೆ.

ನಿಮ್ಮ ಸೊಸೆ